ಎರಡನೇ ಸಲ ಕೇಳುವವರು

ನಮ್ಮ ಅತ್ತೆಗೆ ಇರುವುದು ಒಂದೇ ಕಣ್ಣು. ಎಡಗಣ್ಣು ಅವರು ಇನ್ನೂ ಲಂಗ ಉಡುವ ವಯಸ್ಸಿನಲ್ಲಿದ್ದಾಗಲೇ ಹೋಯಿತಂತೆ. ಹಾವೇರಿ ಕಡೆಯ ಹಳ್ಳಿ, ಜೋಳದ ಹೊಲದಲ್ಲಿ ಓಡುವಾಗ ಗರಿ ಬಡಿಯಿತು, ಯಾರೋ ಸೊಪ್ಪಿನ ರಸ ಹಿಂಡಿದರು, ಅಲ್ಲಿಗೆ ಆ ಕಣ್ಣಿನ ಕತೆ ಮುಗಿಯಿತು. ಉಳಿದ ಬಲಗಣ್ಣಿನಲ್ಲಿಯೇ ಅವರು ಅಕ್ಕಿಯ ಕಲ್ಲು ಆರಿಸಿದ್ದಾರೆ, ಸೂಜಿಗೆ ದಾರ ಪೋಣಿಸಿದ್ದಾರೆ, ಮಕ್ಕಳ ತಲೆಯ ಹೇನು ತೆಗೆದಿದ್ದಾರೆ. ನಾನು ಮದುವೆಯಾಗಿ ಬಂದು ಎಷ್ಟೋ ದಿನ ನನಗೆ ಇದು ಗೊತ್ತೇ ಆಗಿರಲಿಲ್ಲ. ಯಾರಾದರೂ ಎಡಗಡೆ ಬಂದು ನಿಂತರೆ ಇಡೀ ಮೈಯನ್ನೇ ಆ ಕಡೆ ತಿರುಗಿಸಿ ನೋಡುತ್ತಿದ್ದರು. ಅದು ಅವರ ಗತ್ತು ಅಂದುಕೊಂಡಿದ್ದೆ.

ಆ ಬಲಗಣ್ಣಿಗೆ ಪೊರೆ ಬರತೊಡಗಿದ್ದು ನಮಗೆ ತಿಳಿದದ್ದು ಬೆಳಗಿನ ಪೂಜೆಯಿಂದ. ಅತ್ತೆ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಅಡುಗೆಮನೆಯ ಪಕ್ಕದ ಇಷ್ಟಗಲ ಜಾಗದಲ್ಲಿ ಮಣೆ ಹಾಕಿಕೊಂಡು ಕೂರುತ್ತಾರೆ. ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡರೆ ಆಮೇಲೆ ರೆಪ್ಪೆ ಅಲುಗಿಸದೆ ನೋಡುತ್ತಿರುವುದೇ ಪೂಜೆ. ಅಷ್ಟು ಹೊತ್ತು ನಾನು ಮಿಕ್ಸಿ ಹಾಕುವುದಿಲ್ಲ. ಒಂದು ದಿನ ಹಿಟ್ಟು ನಾದುತ್ತಾ ತಿರುಗಿ ನೋಡಿದರೆ ಅಂಗೈಯನ್ನು ಮೂಗಿನ ಹತ್ತಿರಕ್ಕೆ ತಂದುಕೊಂಡಿದ್ದರು. ಮತ್ತೆ ದೂರ ಒಯ್ದರು. ಮತ್ತೆ ಹತ್ತಿರ. ಯಾಕೆಂದು ಕೇಳಿದ್ದಕ್ಕೆ, ಲಿಂಗಯ್ಯ ಮಂಜಿನೊಳಗೆ ಕೂತಿದ್ದಾನೆ, ಒಮ್ಮೊಮ್ಮೆ ಇಬ್ಬರಾಗುತ್ತಾನೆ ಎಂದು ನಕ್ಕರು. ನನ್ನ ಗಂಡನಿಗೆ ಹೇಳಿದೆ. ಆ ವಾರವೇ ಕೆಂಗೇರಿ ಉಪನಗರದ ಆಚೆ ಒಂದು ಟ್ರಸ್ಟ್‌ನವರು ನಡೆಸುವ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ವೈದ್ಯರು ಮುಚ್ಚುಮರೆ ಮಾಡಲಿಲ್ಲ. ಪೊರೆ ಬಲಿತಿದೆ, ಇನ್ನೂ ಗಟ್ಟಿಯಾದರೆ ತೆಗೆಯುವುದು ಕಷ್ಟ, ಇರುವುದು ಒಂದೇ ಕಣ್ಣು, ತಡ ಮಾಡಬೇಡಿ ಎಂದರು. ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟರು. ಹಿಂದಿನ ದಿನಗಳಲ್ಲಿ ಹಾಕಬೇಕಾದ ಡ್ರಾಪ್ಸ್ ಬರೆದುಕೊಟ್ಟರು. ಖಚಿತ ಮಾಡಿಕೊಳ್ಳುವುದಕ್ಕೆ ಆಸ್ಪತ್ರೆಯಿಂದ ಫೋನ್ ಬರುತ್ತದೆ, ರೋಗಿಯೇ ಮಾತಾಡಬೇಕು ಎಂದರು. ಅತ್ತೆಯ ಹತ್ತಿರ ಒಂದು ಬಟನ್ ಫೋನ್ ಇದೆ, ಅದರ ನಂಬರನ್ನೇ ಬರೆಸಿ ಬಂದೆವು.

ಆ ಆಸ್ಪತ್ರೆ ನನಗೆ ಹೊಸದಲ್ಲ. ಹಿಂದೆ ನನ್ನ ಕನ್ನಡಕಕ್ಕೆಂದು ಹೋಗುತ್ತಿದ್ದಾಗ ಅಲ್ಲಿ ಕೌಂಟರಿನಲ್ಲಿ ಒಬ್ಬರು ಹೆಂಗಸು ಕೂರುತ್ತಿದ್ದರು. ನನ್ನದೇ ವಯಸ್ಸು, ಮುಡಿಯಲ್ಲಿ ಯಾವಾಗಲೂ ಒಂದು ತುಂಡು ಕನಕಾಂಬರ. ಫೋನ್ ಮಾಡಿದರೆ ಅವರೇ ಎತ್ತುತ್ತಿದ್ದರು, ಎತ್ತಿದ ಕೂಡಲೇ ಬೈಯುತ್ತಿದ್ದರು. ಹನ್ನೊಂದಕ್ಕೆ ಬಾ ಅಂದರೆ ಒಂದು ಗಂಟೆಗೆ ಬರ್ತೀರ, ಊಟದ ಹೊತ್ತಲ್ವಾ ನಮಗೆ ಹೊಟ್ಟೆ ಇಲ್ವಾ ಅನ್ನುತ್ತಿದ್ದರು. ಹಿಂದೆ ಯಾರದೋ ಮಗು ಅಳುವುದು, ಯಾರೋ ಚಪ್ಪಲಿ ಕಳೆದುಹೋಯಿತು ಎಂದು ಕೂಗುವುದು, ಎಲ್ಲ ಫೋನಿನಲ್ಲೇ ಕೇಳುತ್ತಿತ್ತು. ಫೋನ್ ಇಟ್ಟ ಮೇಲೆ ಆಸ್ಪತ್ರೆಗೆ ಒಮ್ಮೆ ಹೋಗಿ ಬಂದ ಹಾಗೆ ಆಗುತ್ತಿತ್ತು.

ಈ ಸಲ ಹೋದಾಗ ಆ ಕೌಂಟರ್ ಇರಲಿಲ್ಲ. ಅದರ ಜಾಗದಲ್ಲಿ ಒಂದು ಬೋರ್ಡು, ಬೋರ್ಡಿನ ಮೇಲೆ ಫೋನ್ ಹಿಡಿದು ಸ್ಕ್ಯಾನ್ ಮಾಡುವ ಚೌಕ, ಪಕ್ಕದಲ್ಲಿ ಕೈಮುಗಿದು ನಗುತ್ತಿರುವ ಒಬ್ಬಳ ಚಿತ್ರ. ಮನೆಗೆ ಬಂದ ಮೇಲೆ ಡ್ರಾಪ್ಸ್ ಬಗ್ಗೆ ಕೇಳೋಣವೆಂದು ಹಳೇ ನಂಬರಿಗೆ ಫೋನ್ ಮಾಡಿದರೆ ಬೇರೆಯೇ ದನಿ.

"ನಮಸ್ಕಾರ. ನಾನು ನಿಮ್ಮ ಡಿಜಿಟಲ್ ಸಹಾಯಕಿ. ನಿಮಗೆ ಹೇಗೆ ನೆರವಾಗಲಿ?"

ದನಿ ಚೆನ್ನಾಗಿತ್ತು. ನನಗೆ ಅನುಮಾನ ಬಂದದ್ದು ಅದು ಚೆನ್ನಾಗಿದ್ದದ್ದಕ್ಕೇ. ನಾನು ಮನೆಯಲ್ಲಿ ಸೀರೆಗೆ ಕುಚ್ಚು ಹಾಕುತ್ತೇನೆ. ಎರಡೂ ಕೈಗೆ ಕೆಲಸ ಇರುವುದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟುಕೊಂಡೇ ಮಾತಾಡುವುದು ರೂಢಿ. ಹಾಗಾಗಿ ನನಗೆ ಮಾತಿಗಿಂತ ಮಾತಿನ ಹಿಂದಿನ ಸದ್ದು ಹೆಚ್ಚು ಕೇಳುತ್ತದೆ. ಈ ದನಿಯ ಹಿಂದೆ ಏನೂ ಇರಲಿಲ್ಲ. ಫ್ಯಾನು ತಿರುಗುವ ಸದ್ದಿಲ್ಲ, ಕುರ್ಚಿ ಎಳೆದ ಸದ್ದಿಲ್ಲ. ಉಸಿರು ತೆಗೆದುಕೊಳ್ಳುತ್ತಿತ್ತು, ಆದರೆ ಪ್ರತಿ ಸಲ ಒಂದೇ ಅಳತೆ. ನಾನು ಬೇಕೆಂದೇ ಅರ್ಧ ಮಾತಿಗೆ ನಿಲ್ಲಿಸಿದರೆ ಅದು ಸಿಡುಕುತ್ತಿರಲಿಲ್ಲ. ಕೇಳಿದ್ದನ್ನೇ ಕೇಳಿದರೆ ಮೊದಲ ಸಲದಷ್ಟೇ ಪ್ರೀತಿಯಿಂದ ಹೇಳುತ್ತಿತ್ತು. ಅಷ್ಟು ತಾಳ್ಮೆ ಇರುವವರು ಏನಾದರೂ ಮಾರುವುದಕ್ಕೆ ಬಂದಿರುತ್ತಾರೆ ಎಂಬುದು ನನ್ನ ಅನುಭವ.

ಆಮೇಲೆ ಗಮನಿಸುತ್ತಾ ಹೋದೆ. ಗ್ಯಾಸಿನವರದ್ದೂ ಅದೇ ಜಾತಿಯ ದನಿ, ಕರೆಂಟು ಹೋದರೆ ಅಲ್ಲೂ ಅದೇ, ಬ್ಯಾಂಕಿನಲ್ಲೂ ಅವಳ ತಂಗಿಯೇ ಇರಬೇಕು. ಬರೆಯುವ ಮೆಸೇಜುಗಳೂ ಹಾಗೇ. "ನಿಮ್ಮ ಅಸೌಕರ್ಯವನ್ನು ನಾವು ಅರ್ಥಮಾಡಿಕೊಳ್ಳುತ್ತೇವೆ" ಎಂದು ಎಲ್ಲರೂ ಬರೆಯುತ್ತಾರೆ. ಮೊದಲು ಆಫೀಸಿನವರ ಪತ್ರದಲ್ಲಿ ಕನ್ನಡ ಒರಟಾಗಿದ್ದರೂ ಯಾರೋ ಕೂತು ಬರೆದದ್ದು ಅಂತ ಗೊತ್ತಾಗುತ್ತಿತ್ತು. ಈಗ ಎಲ್ಲ ನುಣ್ಣಗೆ. ನನ್ನ ಗಂಡ ಇದನ್ನೆಲ್ಲ ಕೇಳಿ, "ಒಳ್ಳೇದೇ ಆಯ್ತಲ್ಲೇ. ಮುಂಚೆ ಬೈತಾರೆ ಅಂತ ಗೋಳಾಡ್ತಿದ್ದೆ, ಈಗ ಬೈಯಲ್ಲ ಅಂತ ಗೋಳಾ?" ಎಂದರು. 

ಅತ್ತೆಗೆ ಮಾತ್ರ ಆ ದನಿಯ ಮೇಲೆ ಅಕ್ಕರೆ. ಡಿಜಿಟಲ್ ಸಹಾಯಕಿ ಅಂದರೆ ಅವರು ಊರಿನ ಅಂಗನವಾಡಿ ಸಹಾಯಕಿಯ ಹಾಗೆ ಅದೂ ಒಂದು ಹುದ್ದೆ ಅಂದುಕೊಂಡಿದ್ದರು. ಪಾಪ, ಹಗಲೆಲ್ಲ ಮಾತಾಡಿ ಮಾತಾಡಿ ಹುಡುಗಿಯ ಗಂಟಲು ಏನಾಗಬೇಕು ಅನ್ನುತ್ತಿದ್ದರು. ಅದು ಹುಡುಗಿಯಲ್ಲ, ಯಂತ್ರ ಎಂದು ನಾನು ಹೇಳಿದರೆ, ಯಂತ್ರವಾದರೆ ನಮಸ್ಕಾರ ಯಾಕೆ ಮಾಡುತ್ತದೆ ಎಂದು ನನ್ನನ್ನೇ ಕೇಳಿದರು.

ಇಲ್ಲಿ ಅತ್ತೆಯ ಮನೆಯ ಒಂದು ರೀತಿಯನ್ನು ಹೇಳಬೇಕು. ನಮ್ಮ ತಿಪಟೂರು ಕಡೆ ಊಟಕ್ಕೆ ಕೂತವರನ್ನು ಇನ್ನೊಂದು ಸ್ವಲ್ಪ ಹಾಕಲಾ ಎಂದು ಎರಡು ಸಲ ಕೇಳುತ್ತೇವೆ, ಬೇಡ ಅಂದರೆ ಬಿಡುತ್ತೇವೆ. ಇವರಲ್ಲಿ ಹಾಗಲ್ಲ. ಮೊದಲನೆಯ ಬೇಡ ಲೆಕ್ಕಕ್ಕೇ ಇಲ್ಲ. ಎರಡನೆಯದು ಬಡಿಸುವವರ ಮನಸ್ಸು ನೋಡುವುದಕ್ಕೆ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ದೇವರಾಣೆಗೂ ಬೇಡ ಅಂದ ಮೇಲೆಯೇ ಹೋಳಿಗೆ ಬೆರಳ ಸಂದಿಯಿಂದ ಎಲೆಗೆ ಬೀಳುವುದು. ಕೇಳಿದ ಕೂಡಲೇ ಹಾಕಿ ಅನ್ನುವವರನ್ನು ಅವರಲ್ಲಿ ಹಸಗೇಡಿ ಅನ್ನುತ್ತಾರೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟರೂ ಅತ್ತೆ ಮೊದಲು ಬೇಡ ಅನ್ನುತ್ತಾರೆ. ಬಿಟ್ಟುಕೊಟ್ಟ ಹುಡುಗ ಎರಡನೇ ಸಲ ಕೂತ್ಕೊಳಿ ಅಜ್ಜಿ ಅಂದ ಮೇಲೆ ಕೂರುತ್ತಾರೆ. ನಾನು ಮದುವೆಯಾದ ಹೊಸದರಲ್ಲಿ ಅತ್ತೆ ರೊಟ್ಟಿ ಸಾಕು ಅಂದದ್ದನ್ನು ನಂಬಿ ಪಾತ್ರೆ ತೊಳೆಯಲು ಎದ್ದಾಗ ನಾದಿನಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ನನಗಿನ್ನೂ ನೆನಪಿದೆ. ಆಮೇಲೆ ಕಲಿತೆ. ಕಲಿತ ಮೇಲೆ, ಬೇಡದ ಹಿಂದಿನ ಬೇಕು ತಿಳಿದುಕೊಳ್ಳುವುದು ಕೇಳುವವರ ಕೆಲಸವೇ ಹೊರತು ಹೇಳುವವರದ್ದಲ್ಲ ಅನ್ನಿಸಿಬಿಟ್ಟಿತು.

ಆಸ್ಪತ್ರೆಯಿಂದ ಖಚಿತ ಮಾಡಿಕೊಳ್ಳುವ ಫೋನ್ ಬಂದ ದಿನ ನಾನು ಮನೆಯಲ್ಲಿರಲಿಲ್ಲ. ಕುಚ್ಚು ಹಾಕಿದ ಸೀರೆಗಳನ್ನು ವಿಜಯನಗರದ ಮಾರ್ಕೆಟ್ ಹತ್ತಿರದ ಬ್ಲೌಸ್ ಅಂಗಡಿಗೆ ಕೊಡಲು ಹೋಗಿದ್ದೆ. ಬಂದಾಗ ಅತ್ತೆ ಫೋನ್ ಬಂದಿತ್ತು, ಆ ಹುಡುಗಿ ಚೆನ್ನಾಗಿ ಮಾತಾಡಿದಳು ಎಂದರು. ಅಲ್ಲಿಗೆ ನಾನು ನಿಶ್ಚಿಂತಳಾದೆ. ಡ್ರಾಪ್ಸ್ ಹಾಕತೊಡಗಿದೆ. ಒಂದು ಹನಿ ಕಣ್ಣಿಗೆ, ಒಂದು ಕೆನ್ನೆಗೆ.

ಶಸ್ತ್ರಚಿಕಿತ್ಸೆಯ ದಿನ ಅತ್ತೆ ಇನ್ನೂ ಬೆಳಕು ಹರಿಯುವ ಮೊದಲೇ ಪೂಜೆ ಮುಗಿಸಿ, ಒಗೆದ ಇಳಕಲ್ ಸೀರೆ ಉಟ್ಟು ಕೂತಿದ್ದರು. ಗಂಡನಿಗೆ ರಜೆ ಸಿಗಲಿಲ್ಲ, ಸಂಜೆ ನೇರ ಆಸ್ಪತ್ರೆಗೆ ಬರುತ್ತೇನೆ ಎಂದರು. ನಾವಿಬ್ಬರೂ ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದೆವು. ದೀಪಾಂಜಲಿ ನಗರ ದಾಟಿದ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡರು, ಕೆಂಗೇರಿಯಲ್ಲಿ ಇಳಿಯುವವರೆಗೂ ಬಿಡಲಿಲ್ಲ. 

ಆಸ್ಪತ್ರೆಯ ಬಾಗಿಲಲ್ಲಿ ಟ್ಯಾಬ್ ಹಿಡಿದು ನಿಂತಿದ್ದವನು ಹೆಸರು ಹುಡುಕಿ, ಬೆರಳಾಡಿಸಿ, ಮತ್ತೆ ಹುಡುಕಿದ. "ಇದು ಕ್ಯಾನ್ಸಲ್ ಆಗಿದೆಯಲ್ಲ ಮೇಡಂ" ಎಂದ. ಯಾರು ಕ್ಯಾನ್ಸಲ್ ಮಾಡಿದ್ದು ಎಂದರೆ, ಪೇಷೆಂಟ್ ರಿಕ್ವೆಸ್ಟ್ ಅಂತ ತೋರಿಸುತ್ತಿದೆ, ಫೋನಿಗೂ ಮೆಸೇಜ್ ಹೋಗಿದೆ ಎಂದ. ಅತ್ತೆಯ ಫೋನ್ ತೆಗೆದು ನೋಡಿದೆ. ಮೆಸೇಜ್ ಇತ್ತು. ಆ ಕಣ್ಣಿನಲ್ಲಿ ಅದನ್ನು ಓದುವವರು ಯಾರು?

ನನ್ನ ತಲೆಗೆ ಮೊದಲು ಬಂದದ್ದು, ಯಾರೋ ಶಿಫಾರಸು ತಂದವರಿಗೆ ನಮ್ಮ ಜಾಗ ಕೊಟ್ಟಿದ್ದಾರೆ ಎಂದು. ಆ ನಯವಾದ ದನಿಯನ್ನು ಮುಂದೆ ಬಿಟ್ಟು ಹಿಂದೆ ಇಂಥದ್ದು ಮಾಡುತ್ತಾರೆ, ಕೇಳುವುದಕ್ಕೆ ಹೋದರೆ ಮನುಷ್ಯರೇ ಸಿಗದ ಹಾಗೆ ಮಾಡಿಟ್ಟಿದ್ದಾರೆ ಅಂದುಕೊಂಡೆ. ಯಾರ ಹತ್ತಿರ ಮಾತಾಡಬೇಕು ಎಂದರೆ ಹುಡುಗ ಬೋರ್ಡು ತೋರಿಸಿದ. ಸ್ಕ್ಯಾನ್ ಮಾಡಿ ನನ್ನ ಫೋನಿನಲ್ಲಿ ಬರೆದೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. ನನ್ನ ಅಸೌಕರ್ಯವನ್ನು ಅವರು ಅರ್ಥಮಾಡಿಕೊಂಡಿದ್ದರು. ಎರಡನೇ ಸಲ ಸಿಟ್ಟಿನಿಂದ ಬರೆದೆ. ಆಗಲೂ ಅರ್ಥಮಾಡಿಕೊಂಡರು. ಅತ್ತೆ ಬೆಂಚಿನ ತುದಿಯಲ್ಲಿ ಕೂತು, ಬಿಡವಾ, ಇನ್ನೊಂದು ದಿನ ಬರೋಣ ಅನ್ನುತ್ತಲೇ ಇದ್ದರು. ನಾನು ಕದಲಲಿಲ್ಲ.

ಸುಮಾರು ಹೊತ್ತಾದ ಮೇಲೆ ಒಳಗಿನ ಒಂದು ಕೋಣೆಯಿಂದ ಟೀ ಲೋಟ ಹಿಡಿದು ಒಬ್ಬರು ಹೊರಗೆ ಬಂದರು. ಮುಡಿಯಲ್ಲಿ ಕನಕಾಂಬರ. ಹಳೇ ಕೌಂಟರಿನವರೇ. ನಾನು ಎದ್ದು ಹೋಗಿ ಎದುರಿಗೆ ನಿಂತೆ. ಅವರಿಗೆ ನನ್ನ ಗುರುತಿರಲಿಲ್ಲ, ಆದರೆ ನನ್ನ ಮುಖ ನೋಡಿ ಲೋಟ ಕಿಟಕಿಯ ಮೇಲಿಟ್ಟರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಲೋಟವನ್ನೂ ತೆಗೆದುಕೊಂಡು, ಬನ್ನಿ ಒಳಗೆ ಎಂದರು. ಅವರಿಗೆ ಈಗ ಕೊಟ್ಟಿರುವ ಕೆಲಸ ಆ ಯಂತ್ರದ ಮಾತುಕತೆಗಳನ್ನು ಅಲ್ಲೊಂದು ಇಲ್ಲೊಂದು ಕೇಳಿ, ಸರಿ ಇದೆಯಾ ಎಂದು ನೋಡುವುದಂತೆ. ಕಿವಿಗೆ ಹಾಕಿಕೊಳ್ಳುವ ದೊಡ್ಡ ಹೆಡ್‌ಫೋನ್ ಮೇಜಿನ ಮೇಲಿತ್ತು. ನಿಮ್ಮವರು ಯಾರಿಗೋ ನಮ್ಮ ಜಾಗ ಕೊಟ್ಟಿದ್ದಾರೆ ಎಂದು ನಾನು ಹೇಳಿದಾಗ ಅವರಿಗೆ ಸ್ವಲ್ಪ ಚುರುಕ್ಕೆಂದಿತು.

"ಅದು ತಪ್ಪು ಮಾಡಿಲ್ಲ ಮೇಡಂ. ಬೇಕಾದ್ರೆ ಕೇಳಿ" ಎಂದು ಹೆಡ್‌ಫೋನಿನ ವೈರು ಕಿತ್ತು ಕಂಪ್ಯೂಟರಿನಿಂದಲೇ ಜೋರಾಗಿ ಹಾಕಿದರು.

ಮೊದಲು ಆ ದನಿ ಬಂತು. ನಮಸ್ಕಾರ, ಕುಶಲ, ನಿಮ್ಮ ಶಸ್ತ್ರಚಿಕಿತ್ಸೆ ಇಂಥ ದಿನ ಎಂಬುದು. ಆಮೇಲೆ, ಈ ದಿನಕ್ಕಾಗಿ ಬಹಳ ಮಂದಿ ಕಾಯುತ್ತಿದ್ದಾರೆ, ನಿಮ್ಮ ಸ್ಥಾನವನ್ನು ಉಳಿಸಿಕೊಳ್ಳಲು ಬಯಸುತ್ತೀರಾ ಎಂಬ ಪ್ರಶ್ನೆ. ಆಮೇಲೆ ಅತ್ತೆ. ಹಿಂದೆ ನಮ್ಮ ಮನೆಯ ಕುಕ್ಕರ್ ಸೀಟಿ ಹೊಡೆಯುತ್ತಿತ್ತು.

"ಭಾಳ ಮಂದಿ ಕಾಯಾಕತ್ತಾರೇನವಾ? ಹಂಗಾರ ಅವರಿಗೇ ಕೊಡ್ರಿ. ನನಗೇನು ಅವಸರಿಲ್ಲ. ಬ್ಯಾಡ ಬಿಡ್ರಿ, ನಿಮಗ್ಯಾಕ ತ್ರಾಸ."

ಒಂದು ಗಳಿಗೆ ಮೌನ. ನಾನು ಆ ಮೌನದಲ್ಲಿ ಕಾದೆ. ಕೌಂಟರಿನ ಹೆಂಗಸೂ ಮೇಜಿನ ಅಂಚು ಹಿಡಿದು ಕಾದ ಹಾಗಿತ್ತು, ಅವರಿಗೆ ಮುಂದಿನದ್ದು ಗೊತ್ತಿದ್ದರೂ.

"ಧನ್ಯವಾದಗಳು. ನಿಮ್ಮ ಕೋರಿಕೆಯಂತೆ ನಿಮ್ಮ ಶಸ್ತ್ರಚಿಕಿತ್ಸೆಯನ್ನು ರದ್ದುಪಡಿಸಲಾಗಿದೆ. ನಿಮ್ಮ ದಿನ ಶುಭವಾಗಿರಲಿ."

"ದೇವರು ನಿನಗ ಚಲೋ ಮಾಡ್ಲವಾ" ಎಂದು ಅತ್ತೆ ಹರಸಿದ್ದೂ ರೆಕಾರ್ಡ್ ಆಗಿತ್ತು.

ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದ ಅತ್ತೆ, ನನ್ನ ದನಿ ಹೀಗಿದೆಯೇನು ಎಂದು ಆಶ್ಚರ್ಯಪಟ್ಟರು. 

ನನಗೆ ಜಗಳಕ್ಕೆ ಏನೂ ಉಳಿಯಲಿಲ್ಲ. ಯಾರೂ ಮೋಸ ಮಾಡಿರಲಿಲ್ಲ. ಅಷ್ಟು ದಿನ ನಾನು ಆ ದನಿಯನ್ನು ಸುಳ್ಳಿ ಅಂದುಕೊಂಡಿದ್ದೆ. ಅದು ಹೇಳಿದ್ದನ್ನು ಹೇಳಿದ ಹಾಗೇ ತೆಗೆದುಕೊಂಡಿತ್ತು. ಅತ್ತೆಯ ಇಷ್ಟು ವರ್ಷದ ಬಾಳಿನಲ್ಲಿ ಅವರ ಬೇಡವನ್ನು ಹಾಗೆ ತೆಗೆದುಕೊಂಡವರು ಅದಕ್ಕೆ ಮುಂಚೆ ಯಾರಾದರೂ ಇದ್ದರೋ ಇಲ್ಲವೋ. ಆದರೂ ಒಂದು ಅನುಮಾನ ಉಳಿದಿತ್ತು. ನಿಜವಾಗಿಯೂ ಅಷ್ಟು ಮಂದಿ ಕಾಯುತ್ತಿದ್ದರಾ ಎಂದು ಕೇಳಿದೆ. ಕೌಂಟರಿನ ಹೆಂಗಸು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಆ ಮಾತನ್ನು ಎಲ್ಲರಿಗೂ ಹೇಳುತ್ತದಂತೆ. ಹಾಗೆ ಹೇಳಿದರೆ ಜನ ಗಾಬರಿಯಾಗಿ ತಕ್ಷಣ ಹೂಂ ಅನ್ನುತ್ತಾರೆ, ಆಮೇಲೆ ತಪ್ಪಿಸುವುದಿಲ್ಲ ಅಂತ ಮೇಲಿನವರು ಬರೆಸಿದ್ದಂತೆ.

"ನಿಮ್ಮತ್ತೆಯಂಥವರು ಇರ್ತಾರೆ ಅಂತ ಬರೆದವರಿಗೆ ಗೊತ್ತಿಲ್ಲ" ಎಂದರು.

"ನೀವೇ ಕೌಂಟರಲ್ಲಿ ಇದ್ದಿದ್ರೆ?"

ಅವರು ಮೇಜಿನ ಮೇಲಿನ ಲೋಟ ಎತ್ತಿಕೊಂಡರು. ಟೀ ಆರಿ ಕೆನೆ ಕಟ್ಟಿತ್ತು. "ನಾನಾಗಿದ್ರೆ ಬೈದಿರ್ತಿದ್ದೆ. ಒಂದೇ ಕಣ್ಣಿಟ್ಕೊಂಡು ದಾನ ಮಾಡ್ತೀಯೇನಜ್ಜಿ, ಸುಮ್ನೆ ಬಾ ಅಂತಿದ್ದೆ."

ಅಲ್ಲಿಯೇ ಬೇರೆ ದಿನ ಕೊಡುವುದಕ್ಕೆ ಅವರಿಗೂ ಆಗುವುದಿಲ್ಲವಂತೆ. ಕೋರಿಕೆ ಹಾಕುತ್ತೇನೆ, ಮತ್ತೆ ಅದೇ ಫೋನ್ ಬರುತ್ತದೆ, ರೋಗಿಯ ಬಾಯಿಂದಲೇ ಬರಬೇಕು, ಸೊಸೆ ಹೇಳಿದರೆ ನಡೆಯುವುದಿಲ್ಲ ಎಂದರು. ಹೊರಡುವಾಗ ಅತ್ತೆಯ ತೋಳು ಹಿಡಿದು, ಕೇಳಿದಾಗ ಬೇಕು ಅನ್ನಿ, ಅಷ್ಟೇ, ಕತೆ ಹೇಳಬೇಡಿ ಎಂದು ಗದರಿಸಿದರು. ಅತ್ತೆ ನಗುತ್ತಾ ತಲೆಯಾಡಿಸಿದರು.

ವಾಪಸು ಬರುವಾಗ ಮೆಟ್ರೋ ಖಾಲಿಯಿತ್ತು. ಇಬ್ಬರೂ ಕಿಟಕಿಗೆ ಬೆನ್ನು ಹಾಕಿ ಕೂತೆವು. ಅಷ್ಟು ಹೊತ್ತಿಗೆ ನನ್ನೊಳಗೆ ಬೇರೊಂದು ಅನುಮಾನ ಎದ್ದಿತ್ತು, ಅದು ಯಂತ್ರದ ಮೇಲಲ್ಲ. ಒಂದೇ ಕಣ್ಣು. ಅದಕ್ಕೇ ಕತ್ತರಿ ಹಾಕುತ್ತಾರೆ. ಏನಾದರೂ ಹೆಚ್ಚುಕಡಿಮೆಯಾದರೆ ಈಗಿರುವ ಮಂಜೂ ಇರುವುದಿಲ್ಲ. ಮರ್ಯಾದೆಗೆ ಬೇಡ ಅಂದರೋ, ಹೆದರಿ ಬೇಡ ಅಂದರೋ? ಹೆದರಿದ್ದಾದರೆ ನಾನು ಯಾರ ಮೇಲೆ ಸಿಟ್ಟಾಗುವುದು? ಸೀದಾ ಕೇಳಿಬಿಟ್ಟೆ. ಅತ್ತೆ ಕೊರಳ ಕರಡಿಗೆಯನ್ನು ಸೆರಗಿನೊಳಗೆ ಸರಿಸಿಕೊಂಡರು.

"ಬ್ಯಾಡ ಅಂದೆ. ಆಕಿ ಇನ್ನೊಮ್ಮೆ ಕೇಳ್ತಾಳ ಅಂತ ಕಾದೆ. ಕೇಳಲಿಲ್ಲ" ಎಂದರು. ಆಮೇಲೆ ನನ್ನ ಕಡೆ ಮೈ ತಿರುಗಿಸಿ, "ಕೇಳದಿದ್ದ ಮ್ಯಾಲ, ಹೋಗ್ಲಿ ಬಿಡು, ಉಳಕೊಂಡೆ ಅನ್ನಿಸ್ತವಾ."

ಇನ್ನೊಮ್ಮೆ ಕೇಳಿದ್ದರೆ ಏನನ್ನುತ್ತಿದ್ದಿರಿ ಎಂದೆ. ಹೆದರಿಕೆ ಇತ್ತು, ಕೇಳಿದ್ದರೆ ಆ ಹೆದರಿಕೆಯನ್ನೇ ಹೇಳುತ್ತಿದ್ದೆ ಎಂದರು. ಕೇಳದವರ ಹತ್ತಿರ ಹೇಗೆ ಹೇಳುವುದು?

ಆಮೇಲಿನ ದಿನಗಳು ಫೋನ್ ಕಾಯುವುದರಲ್ಲೇ ಹೋದವು. ಅತ್ತೆಯ ಪೂಜೆ ಉದ್ದವಾಗುತ್ತಾ ಹೋಯಿತು. ಲಿಂಗ ಕಾಣದೆ ಇದ್ದುದಕ್ಕೆ ಇರಬೇಕು, ಬಲಗೈ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಹಣೆಯ ವಿಭೂತಿ ಸೊಟ್ಟಗಾಗಿದ್ದರೆ ಸರಿಮಾಡು ಎಂದು ಮುಖ ಮುಂದೆ ಒಡ್ಡುತ್ತಿದ್ದರು. ಯಾವ ಫೋನ್ ಬಂದರೂ ನಾವಿಬ್ಬರೂ ಬೆಚ್ಚುತ್ತಿದ್ದೆವು. ಒಂದು ಸಲ ರಕ್ತಪರೀಕ್ಷೆಯ ಲ್ಯಾಬಿನಿಂದ ಒಬ್ಬಳು ಹುಡುಗಿ ಫೋನ್ ಮಾಡಿ ಸಕ್ಕರೆ ಪರೀಕ್ಷೆಗೆ ಬರುತ್ತೀರಾ ಎಂದು ಕೇಳಿದಳು. ಅತ್ತೆ, ನೀನು ಮನುಷ್ಯಳೇನವಾ ಎಂದು ಕೇಳಿಯೇಬಿಟ್ಟರು. ಆ ಕಡೆಯಿಂದ ಅವಳು, "ಏನಜ್ಜಿ ಹಿಂಗಂತೀರ, ಬೆಳಗ್ಗಿಂದ ತಿಂಡಿ ತಿಂದಿಲ್ಲ ನಾನು" ಎಂದಳು. ಅತ್ತೆಗೆ ಅಷ್ಟು ಸಾಕಾಯಿತು. ಮೊದಲು ತಿಂದು ಬಾ ಎಂದು ಫೋನ್ ಇಟ್ಟರು.

ಸಂಜೆಗಳಲ್ಲಿ ನಾನು ಅತ್ತೆಗೆ ಅಭ್ಯಾಸ ಮಾಡಿಸುತ್ತಿದ್ದೆ. ನಾನೇ ಯಂತ್ರ. ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು, ನಮಸ್ಕಾರ, ಶಸ್ತ್ರಚಿಕಿತ್ಸೆ ಬೇಕೇ ಎಂದು ಅದೇ ರಾಗದಲ್ಲಿ ಕೇಳುತ್ತಿದ್ದೆ. ಅತ್ತೆ, ನೀವು ಹೇಗೆ ಹೇಳುತ್ತೀರೋ ಹಾಗೆ ಅನ್ನುತ್ತಿದ್ದರು. ಹಾಗಲ್ಲ ಎಂದರೆ, ನಿಮಗೆ ಅನುಕೂಲವಿದ್ದರೆ ಅನ್ನುತ್ತಿದ್ದರು. ನನ್ನ ಗಂಡ ನಗುತ್ತಾ, ಅವ್ವಾ, ಬೇಕು ಅನ್ನು ಸಾಕು, ಎರಡಕ್ಷರ, ನಿನಗೇನು ಭಾರ ಎಂದು ರೇಗಿಸಿದರು. ಅತ್ತೆಯ ಮುಖ ಸಣ್ಣದಾಯಿತು.

"ಒಬ್ಬರ ಮನಿ ಪಂಕ್ತ್ಯಾಗ ಕುಂತು ನನಗ ಹಾಕ್ರಿ ಅಂತ ಕೈ ಒಡ್ಡಿದಂಗ ಆಗತೈತೋ. ಈ ವಯಸ್ಸಿನ್ಯಾಗ ಅದನ್ನೊಂದು ಕಲಿಸ್ತೀರೇನು ನನಗ?"

ಗಂಡ ರೇಗಿಸುವುದನ್ನು ಬಿಟ್ಟರು. ಅಲ್ಲಿಂದ ಮುಂದೆ ನಾನೂ ಯಂತ್ರವಾಗುವುದನ್ನು ಬಿಟ್ಟೆ. ಆದರೆ ಮಾರ್ಕೆಟ್ಟಿಗೆ ಹೋಗುವುದನ್ನೂ ಬಿಟ್ಟೆ. ಸೀರೆಗಳನ್ನು ಅಂಗಡಿಯವರೇ ಬಂದು ಒಯ್ದರು. ಫೋನ್ ಬಂದಾಗ ನಾನಿಲ್ಲದೆ, ಅತ್ತೆ ಮತ್ತೆ ಬೇಡ ಅಂದುಬಿಟ್ಟರೆ ಪೊರೆ ಕಾಯುವುದಿಲ್ಲವಲ್ಲ.

ಬಂತು. ಒಂದು ಮಧ್ಯಾಹ್ನ ಅತ್ತೆ ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮಂಚದ ಮೇಲೆ ಕೂತರು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಅವರ ತೊಡೆಯ ಮೇಲಿಟ್ಟೆ. ಅದೇ ನಮಸ್ಕಾರ, ಅದೇ ಕುಶಲ. ಹಿಂದೆ ನಡೆದದ್ದರ ಒಂದು ಮಾತೂ ಇಲ್ಲ. ಈ ದಿನಕ್ಕಾಗಿ ಬಹಳ ಮಂದಿ ಕಾಯುತ್ತಿದ್ದಾರೆ ಎಂದಾಗ ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು. ಅದು ಎಲ್ಲರಿಗೂ ಹೇಳುವ ಮಾತು ಎಂದು ನಾನು ಅವರಿಗೆ ಎಷ್ಟೋ ಸಲ ಹೇಳಿದ್ದೆ. ಆದರೂ, ನಿಜವಾಗಿ ಒಬ್ಬರಾದರೂ ಕಾಯುತ್ತಿದ್ದರೆ ಎಂಬುದು ಆ ನೋಟದಲ್ಲಿತ್ತು. ನನಗೂ ಗೊತ್ತಿರಲಿಲ್ಲ. ನಾನು ತಲೆ ತಗ್ಗಿಸಿದೆ.

"ಬೇಕು" ಎಂದರು ಅತ್ತೆ. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ.

"ಕ್ಷಮಿಸಿ, ನಿಮ್ಮ ಮಾತು ಕೇಳಿಸಲಿಲ್ಲ. ದಯವಿಟ್ಟು ಇನ್ನೊಮ್ಮೆ ಹೇಳಿ."

ಅತ್ತೆಯ ಕೈ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಹಗ್ಗ ಮಾಡುತ್ತಿತ್ತು. ಕಣ್ಣು ಮುಚ್ಚಿಕೊಂಡರು.

"ಬೇಕ್ರಿ. ನನ್ನ ಕಣ್ಣು ನನಗ ಬೇಕು."

ಧನ್ಯವಾದಗಳು ಬಂದವು, ದಿನ ಖಚಿತವಾಯಿತು, ಶುಭಾಶಯವೂ ಬಂತು. ಈ ಸಲ ಅತ್ತೆ ಯಾರನ್ನೂ ಹರಸಲಿಲ್ಲ. ಫೋನ್ ನಿಂತ ಮೇಲೆ ಮುಖ ಗೋಡೆಯ ಕಡೆ ಮಾಡಿ ಮಲಗಿಬಿಟ್ಟರು. ನಾನು ಕುಚ್ಚು ಹಾಕುತ್ತಾ ಕೂತೆ. 

ಕೊಟ್ಟ ದಿನ ಆಸ್ಪತ್ರೆಗೆ ಹೋದಾಗ ಅತ್ತೆಯ ಹೆಸರು ಪಟ್ಟಿಯಲ್ಲಿತ್ತು. ಹಸಿರು ಗೌನು ತೊಡಿಸಿ, ಬಲಹುಬ್ಬಿನ ಮೇಲೆ ಒಂದು ಟೇಪು ಅಂಟಿಸಿ ಕೂರಿಸಿದರು. ಅಂಥ ಟೇಪು ಅಂಟಿಸಿಕೊಂಡ ಮುದುಕ ಮುದುಕಿಯರ ಒಂದು ಸಾಲೇ ಅಲ್ಲಿತ್ತು. ಅತ್ತೆ ಒಳಗೆ ಹೋಗುವಾಗ ತಿರುಗಿ ನೋಡಲಿಲ್ಲ. ಗಂಡ ಈ ಸಲ ರಜೆ ಹಾಕಿ ಬಂದಿದ್ದರು. ಅತ್ತೆಯ ಚಪ್ಪಲಿಯನ್ನು ಬೆಂಚಿನ ಕೆಳಗೆ ಜೋಡಿಸಿಟ್ಟು ಹೊರಗೆ ಕೂತರು.

ದೃಷ್ಟಿ ಬಂತು. ಪಟ್ಟಿ ಬಿಚ್ಚಿದ ಮೇಲೆ ಅತ್ತೆ ಮೊದಲು ನನ್ನ ಮುಖ ನೋಡಿ, ಕಣ್ಣ ಕೆಳಗೆ ಇಷ್ಟು ಕಪ್ಪಾಗಿದೆ, ನಿದ್ದೆ ಮಾಡುವುದಿಲ್ಲವಾ ಎಂದರು. ಮನೆಗೆ ಬಂದು ಅಡುಗೆಮನೆಯ ಮೂಲೆಯಲ್ಲಿದ್ದ ಜೇಡರ ಬಲೆ ತೋರಿಸಿದರು. ನಾನು ಪೊರಕೆ ತರುವವರೆಗೂ ಬಿಡಲಿಲ್ಲ.

ಕೆಲವು ದಿನ ಕಳೆದ ಮೇಲೆ ಫೋನ್ ಬಂತು. ಅತ್ತೆ ಅದನ್ನು ಎತ್ತಿ ಕಿವಿಗಿಟ್ಟುಕೊಂಡವರು ನಮಸ್ಕಾರ ಎಂಬುದನ್ನು ಕೇಳಿದ ಕೂಡಲೇ ಕೆಂಡ ಹಿಡಿದವರ ಹಾಗೆ ನನ್ನ ಕಡೆ ಚಾಚಿದರು. ದನಿ ತಗ್ಗಿಸಿ, "ನೀನ ಮಾತಾಡವಾ. ನಾ ಏನರ ಅಂದ್ರ ಆಕಿ ಅದನ್ನ ಹಿಡ್ಕೊಂತಾಳ" ಎಂದರು.

ನಾನು ತೆಗೆದುಕೊಂಡೆ. ಶಸ್ತ್ರಚಿಕಿತ್ಸೆಯ ನಂತರ ಹೇಗಿದ್ದೀರಿ, ನಮ್ಮ ಸೇವೆ ತೃಪ್ತಿ ತಂದಿದೆಯೇ ಎಂದು ಅದು ಕೇಳಿತು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು ಮುಗಿಸಿದೆ. ಅಷ್ಟರಲ್ಲಿ ಅತ್ತೆ ಒಳಗಿನ ಬಾಗಿಲ ಹಿಂದೆ ಹೋಗಿ ನಿಂತಿದ್ದರು. ಏನು ಕೇಳಿದಳು, ಏನು ಹೇಳಿದೆ ಎಂದು ವಿಚಾರಿಸಿದರು. ಚೆನ್ನಾಗಿದ್ದಾರೆ ಅಂದೆ ಎಂದೆ.

"ಅಷ್ಟ ಅಂದ್ಯಲ್ಲ? ಮ್ಯಾಲೇನೂ ಅನ್ನಲಿಲ್ಲಲ್ಲ?"

ಇಲ್ಲ ಎಂದೆ. ಅವರು ನಂಬಲಿಲ್ಲ. ಫೋನ್ ಪೂರ್ತಿ ಆರಿದೆಯೇ ಎಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ದೃಷ್ಟಿ ಬಂದ ಕಣ್ಣಿನ ಹತ್ತಿರ ಹಿಡಿದು ನೋಡಿದರು.